ಲ್ಯಾಬ್ ನಾಯಿಯ ಸೊಂಟ ಸೋತಾಗ: ಮನೆಯಲ್ಲೇ ಶುರುವಾಗುವ ಆರೈಕೆ

ನಮ್ಮ ಲ್ಯಾಬ್ರಡಾರ್ ನಾಯಿ ಚಿನ್ನು ಎಂಟನೇ ವರ್ಷಕ್ಕೆ ಬಂದಾಗ ಬೆಳಿಗ್ಗೆ ಏಳುವುದಕ್ಕೆ ತಡ ಮಾಡತೊಡಗಿದಳು. ಮೊದಲು ಮುಂಗಾಲು ಊರುವುದು, ಸ್ವಲ್ಪ ಹೊತ್ತು ಹಾಗೇ ಕೂರುವುದು, ಆಮೇಲೆ ಹಿಂಭಾಗವನ್ನು ಎಳೆದುಕೊಂಡು ಏಳುವುದು. 'ವಯಸ್ಸಾಯ್ತಲ್ವಾ' ಅಂದುಕೊಂಡು ನಾವು ನಾಲ್ಕು ತಿಂಗಳು ಸುಮ್ನೆ ಇದ್ದೆವು. ಊಟ ಬಿಟ್ಟಿರಲಿಲ್ಲ, ಬಾಲ ಆಡಿಸುತ್ತಿದ್ದಳು, ಒಮ್ಮೆಯೂ ಕುಂಯ್ ಅಂದಿರಲಿಲ್ಲ. ಎಕ್ಸ್‌ರೇ ತೆಗೆಸಿದ ದಿನ ಗೊತ್ತಾಯಿತು, ಅವಳ ಎರಡೂ ಸೊಂಟದ ಕೀಲು ಮರಿಯಾಗಿದ್ದಾಗಿನಿಂದಲೇ ಸಡಿಲವಾಗಿದ್ದವು.

ಈ ತೊಂದರೆಗೆ ಹಿಪ್ ಡಿಸ್ಪ್ಲೇಸಿಯಾ ಅನ್ನುತ್ತಾರೆ. ಅರ್ಥ ಮಾಡಿಕೊಳ್ಳಲು ಅಜ್ಜಿ ಮನೆಯ ಒರಳುಕಲ್ಲು ನೆನಪಿಸಿಕೊಂಡರೆ ಸಾಕು. ಸೊಂಟದ ಮೂಳೆಯಲ್ಲಿ ಒರಳಿನಂಥ ಗುಳಿ ಇದೆ, ತೊಡೆಮೂಳೆಯ ತುದಿ ಅದರೊಳಗೆ ಕೂರುವ ಗುಂಡುಕಲ್ಲು. ಗುಳಿ ಆಳವಾಗಿದ್ದರೆ ಗುಂಡು ನಿಂತಲ್ಲೇ ತಿರುಗುತ್ತದೆ. ಗುಳಿ ಚಪ್ಪಟೆಯಾಗಿ, ಹಿಡಿದಿಡುವ ನಾರು ಸಡಿಲವಾಗಿದ್ದರೆ ಗುಂಡು ಪ್ರತಿ ಹೆಜ್ಜೆಗೂ ಅಂಚಿಗೆ ಬಡಿಯುತ್ತದೆ. ವರ್ಷಗಟ್ಟಲೆ ಬಡಿದೂ ಬಡಿದೂ ಮೂಳೆಯ ಮೇಲಿನ ನುಣುಪಾದ ಹೊದಿಕೆ ಸವೆಯುತ್ತದೆ, ಅಂಚಿನಲ್ಲಿ ಹೊಸ ಮೂಳೆ ಮುಳ್ಳಿನ ಹಾಗೆ ಬೆಳೆಯುತ್ತದೆ. ಅಲ್ಲಿಗೆ ಆರ್ತ್ರೈಟಿಸ್ ಬಂತು. ನಾಯಿಗಳಲ್ಲಿ ಇದನ್ನು ಮೊದಲು ಗುರುತಿಸಿದ್ದು 1935ರಲ್ಲಿ, ಅಮೆರಿಕದಲ್ಲಿ. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್, ಗೋಲ್ಡನ್ ರಿಟ್ರೀವರ್, ರಾಟ್‌ವೀಲರ್, ಸೇಂಟ್ ಬರ್ನಾರ್ಡ್ ಇವುಗಳಲ್ಲಿ ಜಾಸ್ತಿ. ತೆಳ್ಳಗೆ ಓಡುವ ಗ್ರೇಹೌಂಡ್‌ನಂಥ ತಳಿಗಳಲ್ಲಿ ತೀರಾ ಅಪರೂಪ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಸವೆದ ಕೀಲು ಮತ್ತೆ ಹೊಸದಾಗುವುದಿಲ್ಲ. ಆದರೆ ಎಕ್ಸ್‌ರೇಯಲ್ಲಿ ಕೆಟ್ಟದಾಗಿ ಕಾಣುವ ಎಷ್ಟೋ ನಾಯಿಗಳು ಆರಾಮಾಗಿ ಓಡಾಡಿಕೊಂಡಿರುತ್ತವೆ. ಹಾಗಾಗಿ ಫಿಲ್ಮ್ ನೋಡಿ ಕಂಗಾಲಾಗಬೇಡಿ, ನಾಯಿಯನ್ನು ನೋಡಿ. ನಮ್ಮ ಮನೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಕೆಲಸ ಮಾಡಿದ್ದು ತಕ್ಕಡಿ ಮತ್ತು ನೆಲದ ಚಾಪೆ. ಔಷಧಿಯ ಪಾಲು ಉಳಿದದ್ದು.

ಮೊದಲ ಹೆಜ್ಜೆ: ಒಂದು ವಾರ ಕಣ್ಣಿಟ್ಟು ನೋಡಿ

ನೋವು ಇದ್ದರೆ ನಾಯಿ ಅಳುತ್ತದೆ ಅಂತ ಕಾಯಬೇಡಿ. ಹಳೆಯ ನೋವಿಗೆ ನಾಯಿ ಸಾಮಾನ್ಯವಾಗಿ ಸದ್ದೇ ಮಾಡುವುದಿಲ್ಲ, ತನ್ನ ಅಭ್ಯಾಸ ಬದಲಿಸಿಕೊಳ್ಳುತ್ತದೆ. ಸೋಫಾ ಹತ್ತುವುದನ್ನು ಬಿಡುತ್ತದೆ. ಮೆಟ್ಟಿಲ ಬುಡದಲ್ಲಿ ನಿಂತು ನಿಮ್ಮ ಮುಖ ನೋಡುತ್ತದೆ. ಕಾರಿನ ಬಾಗಿಲು ತೆಗೆದರೆ ಹಾರುವ ಬದಲು ಮುಂಗಾಲು ಮಾತ್ರ ಇಟ್ಟು ನಿಲ್ಲುತ್ತದೆ. ಓಡುವಾಗ ಎರಡೂ ಹಿಂಗಾಲನ್ನು ಒಟ್ಟಿಗೇ ಎತ್ತಿ ಮೊಲದ ಹಾಗೆ ಕುಪ್ಪಳಿಸುತ್ತದೆ. ಹಿಂದಿನಿಂದ ನೋಡಿದರೆ ಸೊಂಟ ಆ ಕಡೆ ಈ ಕಡೆ ತೂಗುತ್ತದೆ. ಮಲ ವಿಸರ್ಜನೆಗೆ ಕೂತಲ್ಲಿ ಕೂರಲಾಗದೆ ನಡೆಯುತ್ತಲೇ ಮುಗಿಸುತ್ತದೆ. ಮಗು ಬಂದು ಬೆನ್ನು ಮುಟ್ಟಿದರೆ ಎಂದೂ ಗುರ್ ಅನ್ನದ ನಾಯಿ ಗುರ್ ಅನ್ನುತ್ತದೆ. ಇದನ್ನು ಸಿಡುಕು ಅಂದುಕೊಂಡು ಬೈಯುವವರೇ ಹೆಚ್ಚು.

ಮೊಬೈಲಿನಲ್ಲಿ ವಿಡಿಯೋ ಮಾಡಿಟ್ಟುಕೊಳ್ಳಿ. ಮಲಗಿದಲ್ಲಿಂದ ಏಳುವುದು, ಹಿಂದಿನಿಂದ ನೋಡಿದ ನಡಿಗೆ, ಪಕ್ಕದಿಂದ ನೋಡಿದ ನಡಿಗೆ, ಮೆಟ್ಟಿಲು. ಸ್ಲೋ ಮೋಷನ್ ಇದ್ದರೆ ಇನ್ನೂ ಒಳ್ಳೆಯದು. ಯಾಕೆಂದರೆ ಕ್ಲಿನಿಕ್ಕಿಗೆ ಹೋದ ತಕ್ಷಣ ಗಾಬರಿಗೋ ಖುಷಿಗೋ ನಾಯಿ ಚೆನ್ನಾಗಿಯೇ ನಡೆದುಬಿಡುತ್ತದೆ. ನೀವು 'ಮನೇಲಿ ಕುಂಟ್ತಿತ್ತು ಡಾಕ್ಟ್ರೇ' ಅಂತ ಪೆಚ್ಚು ಮುಖ ಹಾಕಿಕೊಂಡು ನಿಲ್ಲಬೇಕಾಗುತ್ತದೆ.

ಜೊತೆಗೆ ಒಂದು ದರ್ಜಿ ಟೇಪ್ ತೆಗೆದುಕೊಂಡು ಎರಡೂ ತೊಡೆಯ ಸುತ್ತಳತೆ ಬರೆದಿಡಿ. ನೋವಿರುವ ಕಾಲಿನ ಮೇಲೆ ಭಾರ ಹಾಕದ ಕಾರಣ ಅಲ್ಲಿನ ಮಾಂಸ ಕರಗುತ್ತದೆ. ನಾಯಿ ನಿಂತಿರುವಾಗ, ಪ್ರತಿ ಸಲವೂ ಅದೇ ಜಾಗದಲ್ಲಿ ಅಳೆಯಬೇಕು ಅಷ್ಟೇ.

ಎರಡನೇ ಹೆಜ್ಜೆ: ಸೊಂಟವೇ ಹೌದಾ ಅಂತ ಖಾತ್ರಿ ಮಾಡಿಕೊಳ್ಳಿ

ನಮ್ಮ ಊರುಗಳಲ್ಲಿ ಕುಂಟುವ ನಾಯಿಗೆಲ್ಲ ಸೊಂಟದ್ದೇ ತೊಂದರೆ ಇರುವುದಿಲ್ಲ. ಉಣ್ಣಿ ಹುಳ ಕಚ್ಚಿ ಬರುವ ಟಿಕ್ ಫೀವರ್‌ನಲ್ಲೂ ಕೀಲು ಊದಿ ನಾಯಿ ಕುಂಟುತ್ತದೆ. ಇವತ್ತು ಈ ಕಾಲು, ನಾಳೆ ಆ ಕಾಲು ಅಂತ ನೋವು ಜಾಗ ಬದಲಿಸುತ್ತಿದ್ದರೆ, ಜ್ವರ ಇದ್ದರೆ, ಊಟ ಬಿಟ್ಟಿದ್ದರೆ ಮೊದಲು ರಕ್ತ ಪರೀಕ್ಷೆ ಮಾಡಿಸಿ, ಪ್ಲೇಟ್‌ಲೆಟ್ ಎಣಿಕೆ ನೋಡಿಸಿ. ಸರಿಯಾದ ಔಷಧಿ ಬಿದ್ದರೆ ಆ ಕುಂಟು ಕೆಲವೇ ದಿನಗಳಲ್ಲಿ ಇಳಿಯುತ್ತದೆ. ಆಟ ಆಡುತ್ತಿದ್ದ ನಾಯಿ ಇದ್ದಕ್ಕಿದ್ದ ಹಾಗೆ ಒಂದು ಹಿಂಗಾಲನ್ನು ಎತ್ತಿ ಹಿಡಿದರೆ ಮಂಡಿಯ ಲಿಗಮೆಂಟ್ ಹರಿದಿರಬಹುದು. ಉಗುರು ನೆಲಕ್ಕೆ ಉಜ್ಜಿ ಸವೆಯುತ್ತಿದ್ದರೆ, ಪಾದ ಮಡಚಿಕೊಳ್ಳುತ್ತಿದ್ದರೆ ತೊಂದರೆ ಬೆನ್ನುಹುರಿಯಲ್ಲಿ ಇರಬಹುದು. ಎರಡೂ ಹಿಂಗಾಲು ಒಮ್ಮೆಲೇ ಬಿದ್ದುಹೋದರೆ ಅಥವಾ ಮೂತ್ರದ ಹಿಡಿತ ತಪ್ಪಿದರೆ ನಾಳೆ ನೋಡೋಣ ಅನ್ನಬೇಡಿ, ಅದೇ ದಿನ ಹೊರಡಿ.

ಸೊಂಟದ ಎಕ್ಸ್‌ರೇ ಚೆನ್ನಾಗಿ ಬರಬೇಕಾದರೆ ನಾಯಿಯನ್ನು ಅಂಗಾತ ಮಲಗಿಸಿ ಹಿಂಗಾಲನ್ನು ನೇರವಾಗಿ ಎಳೆದು ಹಿಡಿಯಬೇಕು. ಎಚ್ಚರವಿರುವ, ನೋವಿರುವ ನಾಯಿ ಇದಕ್ಕೆ ಒಪ್ಪುವುದಿಲ್ಲ. ಹಾಗಾಗಿ ಮಂಪರು ಕೊಡುತ್ತಾರೆ. ಹೆದರಬೇಕಿಲ್ಲ, ಆದರೆ ಎಷ್ಟು ಗಂಟೆ ಮೊದಲು ಊಟ ನಿಲ್ಲಿಸಬೇಕು ಅಂತ ಹಿಂದಿನ ದಿನವೇ ಫೋನ್ ಮಾಡಿ ಕೇಳಿ. ಮಂಪರಿನಲ್ಲಿರುವಾಗಲೇ ಕೀಲು ಎಷ್ಟು ಸಡಿಲವಿದೆ ಅಂತ ವೈದ್ಯರು ಕೈಯಲ್ಲೇ ಅಲುಗಿಸಿ ನೋಡುತ್ತಾರೆ. ಹತ್ತಿರದಲ್ಲಿ ಒಳ್ಳೆಯ ಸೌಲಭ್ಯ ಸಿಗದಿದ್ದರೆ ಬೆಂಗಳೂರಿನ ಹೆಬ್ಬಾಳ, ಹಾಸನ, ಶಿವಮೊಗ್ಗ, ಬೀದರ್‌ಗಳಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ.

ಇನ್ನೊಂದು ಮಾತು. ಈ ಕಾಯಿಲೆ ಎರಡು ವಯಸ್ಸಿನಲ್ಲಿ ಕಾಣಿಸಿಕೊಳ್ಳುತ್ತದೆ. ಐದು ತಿಂಗಳಿಂದ ಒಂದು ವರ್ಷದೊಳಗೆ ಕೀಲಿನ ಸಡಿಲಕ್ಕೆ ಮರಿ ಕುಂಟುತ್ತದೆ. ಆಮೇಲೆ ಕೀಲಿನ ಸುತ್ತ ನಾರು ಗಟ್ಟಿಯಾಗಿ ನೋವು ತಾನಾಗಿಯೇ ಇಳಿದ ಹಾಗೆ ಕಾಣುತ್ತದೆ. 'ಬೆಳೀತಾ ಸರಿಹೋಯ್ತು' ಅಂತ ಎಲ್ಲರೂ ಮರೆಯುತ್ತಾರೆ. ಆರೇಳು ವರ್ಷ ಕಳೆದ ಮೇಲೆ ಆರ್ತ್ರೈಟಿಸ್ ರೂಪದಲ್ಲಿ ಅದೇ ನೋವು ವಾಪಸ್ ಬರುತ್ತದೆ. ಚಿನ್ನು ಏಳು ತಿಂಗಳ ಮರಿಯಾಗಿದ್ದಾಗ ಹತ್ತು ದಿನ ಕುಂಟಿದ್ದು ನಮಗೆ ನೆನಪಾದದ್ದು ಎಂಟು ವರ್ಷದ ನಂತರ.

ಮೂರನೇ ಹೆಜ್ಜೆ: ತೂಕ ಇಳಿಸಿ

ಇಲ್ಲಿ ನಾನು ಸ್ವಲ್ಪ ಕಟುವಾಗಿಯೇ ಬರೆಯುತ್ತೇನೆ. ನಮ್ಮ ಮನೆಗಳ ಲ್ಯಾಬ್‌ಗಳಲ್ಲಿ ಬಹಳಷ್ಟು ದಪ್ಪಗಿವೆ, ನಾವು ಅದನ್ನೇ 'ಮೈ ತುಂಬಿಕೊಂಡಿದೆ' ಅನ್ನುತ್ತೇವೆ. ಗಂಡು ಲ್ಯಾಬ್ ಸುಮಾರು 29ರಿಂದ 36 ಕಿಲೋ, ಹೆಣ್ಣು 25ರಿಂದ 32 ಕಿಲೋ ಇದ್ದರೆ ಸಾಕು. ಚಿನ್ನು 39 ಇದ್ದಳು.

ಕೈಯಲ್ಲೇ ಪರೀಕ್ಷೆ ಮಾಡಬಹುದು. ನಿಮ್ಮ ಮುಷ್ಟಿ ಬಿಗಿದು ಬೆರಳಿನ ಗೆಣ್ಣು ಮುಟ್ಟಿ ನೋಡಿ. ನಾಯಿಯ ಪಕ್ಕೆಲುಬು ಹಾಗೆ ಎದ್ದಿದ್ದರೆ ತೀರಾ ಬಡಕಲು. ಅಂಗೈ ಬಿಡಿಸಿ ಬೆರಳಿನ ಬುಡದ ಮೆತ್ತನೆ ಭಾಗ ಒತ್ತಿ ನೋಡಿ. ಪಕ್ಕೆಲುಬು ಹಾಗೆ ಹುಡುಕಬೇಕಾದರೆ ದಪ್ಪ. ಅಂಗೈ ಬೋರಲು ಹಾಕಿ ಬೆರಳುಗಳ ಬೆನ್ನು ಸವರಿದಾಗ ಸಿಗುವಷ್ಟು ಸಿಕ್ಕರೆ ಸರಿಯಾಗಿದೆ. ಮೇಲಿನಿಂದ ನೋಡಿದಾಗ ಸೊಂಟ ಒಳಗೆ ಹೋಗಿರಬೇಕು.

ತೂಕದ ಬಗ್ಗೆ ಅಮೆರಿಕದಲ್ಲಿ ನಡೆದ ಒಂದು ಅಧ್ಯಯನವಿದೆ, 2002ರಲ್ಲಿ ಪ್ರಕಟವಾದದ್ದು. 48 ಲ್ಯಾಬ್ ಮರಿಗಳನ್ನು ಜೋಡಿ ಮಾಡಿ, ಪ್ರತಿ ಜೋಡಿಯಲ್ಲಿ ಒಂದಕ್ಕೆ ಇನ್ನೊಂದಕ್ಕಿಂತ 25% ಕಡಿಮೆ ಆಹಾರ ಕೊಟ್ಟು ಜೀವನಪರ್ಯಂತ ಗಮನಿಸಿದರು. ಕಡಿಮೆ ತಿಂದವು ಸುಮಾರು 13 ವರ್ಷ ಬದುಕಿದವು, ಜಾಸ್ತಿ ತಿಂದವು 11.2 ವರ್ಷ. ಸೊಂಟದ ಆರ್ತ್ರೈಟಿಸ್ ಕೂಡ ತೆಳ್ಳಗಿನವುಗಳಲ್ಲಿ ತಡವಾಗಿ, ಕಡಿಮೆ ಬಂತು. ಆಗಲೇ ಕುಂಟುತ್ತಿರುವ ದಪ್ಪ ನಾಯಿಗಳಲ್ಲೂ ತೂಕದ 6% ಇಳಿದರೆ ಸಾಕು, ಕುಂಟು ಕಡಿಮೆಯಾಗುವುದು ಕಣ್ಣಿಗೆ ಕಾಣುತ್ತದೆ. 39 ಕಿಲೋ ನಾಯಿಗೆ ಅದು ಎರಡೂವರೆ ಕಿಲೋಗೂ ಕಡಿಮೆ.

ಹೇಗೆ ಇಳಿಸುವುದು? ಮೊದಲು ಒಂದು ವಾರ ನಾಯಿಯ ಬಾಯಿಗೆ ಹೋಗುವ ಪ್ರತಿಯೊಂದನ್ನೂ ಬರೆಯಿರಿ. ನಮ್ಮ ಪಟ್ಟಿ ನೋಡಿ ನಮಗೇ ನಾಚಿಕೆಯಾಯಿತು. ಡಾಗ್ ಫುಡ್ ಸರಿಯಾಗಿಯೇ ಇತ್ತು. ಆದರೆ ಬೆಳಿಗ್ಗೆ ಕಾಫಿ ಜೊತೆ ಅಪ್ಪನ ಕೈಯಿಂದ ನಾಲ್ಕು ಬಿಸ್ಕತ್ತು, ಅಮ್ಮನ ಕೈಯಿಂದ ತುಪ್ಪ ಸವರಿದ ಚಪಾತಿಯ ಅಂಚು, ಮಧ್ಯಾಹ್ನ ಮೊಸರನ್ನ, ಸಂಜೆ ಮಕ್ಕಳ ಚಿಪ್ಸು. ಪ್ರತಿಯೊಬ್ಬರೂ 'ನಾನು ಸ್ವಲ್ಪವೇ ಕೊಟ್ಟಿದ್ದು' ಅನ್ನುವವರೇ. ಪರಿಹಾರ ಸರಳ. ದಿನದ ಆಹಾರವನ್ನು ಬೆಳಿಗ್ಗೆಯೇ ತೂಗಿ ಒಂದು ಡಬ್ಬಕ್ಕೆ ಹಾಕಿ. ಯಾರು ಏನೇ ಕೊಡಬೇಕೆಂದರೂ ಆ ಡಬ್ಬದಿಂದಲೇ ಕೊಡಬೇಕು. ಡಬ್ಬ ಖಾಲಿಯಾದರೆ ಆ ದಿನ ಮುಗಿಯಿತು. ಆಸೆಗಣ್ಣು ತಡೆಯಲಾಗದಿದ್ದರೆ ಸೌತೆಕಾಯಿ, ಬೇಯಿಸಿದ ಹುರುಳಿಕಾಯಿ, ಕ್ಯಾರೆಟ್ ತುಂಡು ಕೊಡಿ. ಹಬ್ಬದ ದಿನ ಪಾಯಸದ ಪಾತ್ರೆ ನೆಕ್ಕಿಸುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ. ದ್ರಾಕ್ಷಿ, ಒಣದ್ರಾಕ್ಷಿ ನಾಯಿಯ ಕಿಡ್ನಿಗೆ ವಿಷ.

ವಾರಕ್ಕೆ ಮೈತೂಕದ 1% ಇಳಿದರೆ ಸಾಕು. ಉಪವಾಸ ಕೆಡವಬೇಡಿ. ದೊಡ್ಡ ನಾಯಿಯನ್ನು ಎತ್ತಿಕೊಂಡು ಮನೆಯ ತಕ್ಕಡಿ ಹತ್ತುವುದು ನಿಮ್ಮ ಸೊಂಟಕ್ಕೂ ಒಳ್ಳೆಯದಲ್ಲ. ನಾವು ಗುಜರಿ ಅಂಗಡಿಯ ಪ್ಲಾಟ್‌ಫಾರ್ಮ್ ತಕ್ಕಡಿಯ ಮೇಲೆ ನಿಲ್ಲಿಸುತ್ತಿದ್ದೆವು. ಅಂಗಡಿಯವರಿಗೂ ಅದೊಂದು ತಮಾಷೆ. ಆರು ತಿಂಗಳಲ್ಲಿ ಚಿನ್ನು 39ರಿಂದ 32ಕ್ಕೆ ಬಂದಳು.

ನಾಲ್ಕನೇ ಹೆಜ್ಜೆ: ನೆಲ

ಈಗಿನ ಮನೆಗಳ ಹೊಳೆಯುವ ಟೈಲ್ಸ್, ಗ್ರಾನೈಟ್ ಸೊಂಟ ಸೋತ ನಾಯಿಯ ಪಾಲಿಗೆ ಪಾಚಿ ಕಟ್ಟಿದ ಕಲ್ಲು. ಏಳುವಾಗ ಹಿಂಗಾಲು ಜಾರುತ್ತದೆ, ಜಾರಿದಾಗ ಕೀಲು ಎಳೆಯುತ್ತದೆ, ಎಳೆದ ಮೇಲೆ ನಾಯಿ ಏಳಲು ಹೆದರುತ್ತದೆ. ಮನೆ ಪೂರ್ತಿ ಹಾಸಬೇಕಿಲ್ಲ. ನಾಯಿ ದಿನವೂ ಓಡಾಡುವ ದಾರಿ ಗಮನಿಸಿ: ಹಾಸಿಗೆಯಿಂದ ನೀರಿನ ಬಟ್ಟಲು, ಅಲ್ಲಿಂದ ಬಾಗಿಲು. ಆ ದಾರಿಗೆ ರಬ್ಬರ್ ಮ್ಯಾಟ್ ಅಥವಾ ಹಳೆಯ ಯೋಗ ಮ್ಯಾಟ್ ಹಾಸಿ. ತಳ ಜಾರುವ ಕಾರ್ಪೆಟ್ ತುಂಡು ಬೇಡ, ಅದು ಟೈಲ್ಸ್‌ಗಿಂತ ಅಪಾಯ.

ಉಗುರು ಕತ್ತರಿಸಿ. ನಡೆಯುವಾಗ ಟಿಕ್ ಟಿಕ್ ಸದ್ದು ಬಂದರೆ ಉಗುರು ಉದ್ದವಾಗಿದೆ ಅಂತಲೇ ಅರ್ಥ. ಪಾದದ ಮೆತ್ತೆಗಳ ನಡುವಿನ ಕೂದಲನ್ನೂ ಟ್ರಿಮ್ ಮಾಡಿ, ಅದೇ ಅರ್ಧ ಜಾರಿಸುವುದು.

ಮಲಗಲು ಗೋಣಿಚೀಲ ಸಾಲದು. ಮೊಣಕೈ ಊರಿದರೆ ನೆಲ ತಾಗದಷ್ಟು ದಪ್ಪದ ಫೋಮ್ ಹಾಸಿಗೆ ಬೇಕು. ತೀರಾ ಮೆತ್ತಗಿದ್ದರೆ ಏಳುವುದು ಕಷ್ಟ. ಮಲೆನಾಡಿನ ಮಳೆಗಾಲ, ಬೆಂಗಳೂರಿನ ಡಿಸೆಂಬರ್‌ನಲ್ಲಿ ನೆಲದ ತಣುವಿಗೆ ಕೀಲು ಬಿಗಿಯುತ್ತದೆ. ಬೆಳಿಗ್ಗೆ ನಡೆಸುವ ಮೊದಲು ಬಿಸಿನೀರಿನ ಚೀಲವನ್ನು ಟವೆಲ್‌ನಲ್ಲಿ ಸುತ್ತಿ ಹತ್ತು ನಿಮಿಷ ಸೊಂಟದ ಮೇಲಿಡಿ. ಮೊದಲು ನಿಮ್ಮ ಮುಂಗೈಗೆ ಇಟ್ಟು ನೋಡಿ.

ಮೆಟ್ಟಿಲು ತಪ್ಪಿಸಲಾಗದಿದ್ದರೆ ಹಳೆಯ ಪಂಚೆಯನ್ನು ನಾಲ್ಕು ಮಡಿಕೆ ಮಾಡಿ ಹೊಟ್ಟೆಯ ಕೆಳಗೆ, ಹಿಂಗಾಲಿನ ಮುಂದೆ ಹಾಯಿಸಿ ಎರಡೂ ತುದಿ ಮೇಲೆ ಹಿಡಿದುಕೊಳ್ಳಿ. ಭಾರ ಸ್ವಲ್ಪ ಹೊತ್ತರೆ ಸಾಕು, ನೇತಾಡಿಸಬೇಡಿ. ಗಂಡು ನಾಯಿಯಾದರೆ ಬಟ್ಟೆ ಎಲ್ಲಿ ಒತ್ತುತ್ತದೆ ಅಂತ ನೋಡಿಕೊಳ್ಳಿ. ಕಾರಿಗೆ ಎತ್ತುವಾಗ ಒಂದು ಕೈ ಎದೆಯ ಮುಂದೆ, ಇನ್ನೊಂದು ತೊಡೆಗಳ ಹಿಂದೆ. ಮುಂಗಾಲು ಹಿಡಿದು ಎಳೆಯುವುದು ಖಂಡಿತ ಬೇಡ.

ಐದನೇ ಹೆಜ್ಜೆ: ನಡೆಸಿ, ಓಡಿಸಬೇಡಿ

ನೋವಿದೆ ಅಂತ ಮಲಗಿಸಿಯೇ ಇಟ್ಟರೆ ಮಾಂಸ ಕರಗಿ ಕೀಲು ಇನ್ನೂ ಸಡಿಲವಾಗುತ್ತದೆ. ದಿನಕ್ಕೆ ಮೂರು ಸಲ ಹತ್ತು ಹತ್ತು ನಿಮಿಷ, ಮಣ್ಣು ಅಥವಾ ಹುಲ್ಲಿನ ಮೇಲೆ, ಬೆಲ್ಟ್ ಹಾಕಿ ನಿಧಾನವಾಗಿ ನಡೆಸಿ. ನಿಧಾನ ನಡೆದಾಗ ಮಾತ್ರ ನಾಲ್ಕೂ ಕಾಲಿನ ಮೇಲೆ ಭಾರ ಬೀಳುತ್ತದೆ. ಮರುದಿನ ಬೆಳಿಗ್ಗೆ ಏಳಲು ಎಂದಿಗಿಂತ ಜಾಸ್ತಿ ಕಷ್ಟಪಟ್ಟರೆ ನಿನ್ನೆಯದು ಹೆಚ್ಚಾಯಿತು ಅಂತ ಲೆಕ್ಕ, ಅರ್ಧಕ್ಕೆ ಇಳಿಸಿ. ಆರಾಮಾಗಿದ್ದರೆ ವಾರಕ್ಕೆ ಒಂದೆರಡು ನಿಮಿಷ ಏರಿಸಿ. ವಾರವಿಡೀ ಮನೆಯಲ್ಲಿಟ್ಟು ಭಾನುವಾರ ಬೆಟ್ಟ ಹತ್ತಿಸುವುದು ಎಲ್ಲಕ್ಕಿಂತ ಕೆಟ್ಟದ್ದು. ಚೆಂಡು ಎಸೆದು ಓಡಿಸುವ ಆಟವೂ ನಿಲ್ಲಲಿ, ಗಕ್ಕನೆ ತಿರುಗುವಾಗಲೇ ಕೀಲಿಗೆ ಪೆಟ್ಟು.

ಮನೆಯಲ್ಲೇ ಮಾಡಿಸಬಹುದಾದ ಒಂದು ಕಸರತ್ತು ಇದೆ: ಕೂರಿಸಿ ಏಳಿಸುವುದು. ಚಾಪೆಯ ಮೇಲೆ, ಡಬ್ಬದ ಕಾಳು ಆಸೆ ತೋರಿಸಿ, ನಿಧಾನವಾಗಿ ಐದು ಸಲ. ಕಾಲು ಪಕ್ಕಕ್ಕೆ ಚಾಚದೆ ನೇರವಾಗಿ ಕೂರಬೇಕು. ಈಜು ತುಂಬಾ ಒಳ್ಳೆಯದು, ಭಾರವಿಲ್ಲದೆ ಮಾಂಸ ಕಟ್ಟುತ್ತದೆ. ಆದರೆ ಊರ ಕೆರೆಯ ನಿಂತ ನೀರು ಬೇಡ, ಇಲಿಜ್ವರದ ಭಯವಿದೆ. ನಾಯಿಗಳ ಈಜುಕೊಳ ಸಿಕ್ಕರೆ ಲೈಫ್ ಜಾಕೆಟ್ ಹಾಕಿಸಿ ಬಿಡಿ.

ಆರನೇ ಹೆಜ್ಜೆ: ಮಾತ್ರೆ, ಎಣ್ಣೆ, ಪುಡಿ

ಮನೆಯ ಡಬ್ಬದಲ್ಲಿರುವ ನಿಮ್ಮ ನೋವಿನ ಮಾತ್ರೆ ಕೊಡಬೇಡಿ. ಐಬುಪ್ರೊಫೆನ್, ಡೈಕ್ಲೊಫೆನಾಕ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಕಿಡ್ನಿ ಕೆಡಿಸುತ್ತವೆ. ಪ್ಯಾರಾಸಿಟಮಾಲ್ ಕೂಡ ಪ್ರಮಾಣ ಹೆಚ್ಚಾದರೆ ಲಿವರ್ ತಿನ್ನುತ್ತದೆ. ಅಂದಹಾಗೆ ಈ ಡೈಕ್ಲೊಫೆನಾಕ್ ದನಗಳ ಹೆಣದ ಮೂಲಕ ನಮ್ಮ ರಣಹದ್ದುಗಳನ್ನು ಕೊಂದ ಅದೇ ಔಷಧಿ. ಜಾನುವಾರುಗಳಿಗೆ ಕೊಡುವುದನ್ನು 2006ರಲ್ಲೇ ನಿಷೇಧಿಸಲಾಯಿತು. ನೋವಿನ ಮುಲಾಮು, ನೀಲಗಿರಿ ಎಣ್ಣೆ ಹಚ್ಚುವುದೂ ಬೇಡ. ನಾಯಿ ನೆಕ್ಕದೆ ಬಿಡುತ್ತದೆಯೇ?

ನಾಯಿಗೆ ಸಾಮಾನ್ಯವಾಗಿ ಬರೆದುಕೊಡುವುದು ಮೆಲಾಕ್ಸಿಕಾಮ್, ಕಾರ್ಪ್ರೊಫೆನ್, ಫಿರೊಕಾಕ್ಸಿಬ್‌ನಂಥವು. ಪ್ರಮಾಣ ತೂಕದ ಮೇಲೆ ನಿಂತಿದೆ, ಪಕ್ಕದ ಮನೆಯ ನಾಯಿಯ ಚೀಟಿ ನೋಡಿ ಕೊಡುವಂಥದ್ದಲ್ಲ. ಶುರು ಮಾಡುವ ಮುಂಚೆ ಲಿವರ್, ಕಿಡ್ನಿಯ ರಕ್ತ ಪರೀಕ್ಷೆ ಮಾಡಿಸಿ, ಆಮೇಲೂ ಆಗಾಗ. ಊಟದ ಜೊತೆಗೇ ಕೊಡಿ. ವಾಂತಿ, ಕಪ್ಪು ಮಲ, ಊಟ ಬೇಡ ಅನ್ನುವುದು ಕಂಡರೆ ಮುಂದಿನ ಡೋಸ್ ನಿಲ್ಲಿಸಿ ಫೋನ್ ಮಾಡಿ. ಚರ್ಮದ ತುರಿಕೆಗೋ ಇನ್ಯಾವುದಕ್ಕೋ ಸ್ಟೆರಾಯ್ಡ್ ನಡೆಯುತ್ತಿದ್ದರೆ ಮೊದಲೇ ಹೇಳಿ, ಎರಡೂ ಒಟ್ಟಿಗೆ ಹೋದರೆ ಹೊಟ್ಟೆ ತೂತಾಗಬಹುದು. ಇವು ಸಾಲದಿದ್ದಾಗ ಗ್ಯಾಬಪೆಂಟಿನ್ ಸೇರಿಸುತ್ತಾರೆ. ಮನುಷ್ಯರಿಗೆ ಮಾಡಿದ ಗ್ಯಾಬಪೆಂಟಿನ್ ಸಿರಪ್ ಕೊಡಬೇಡಿ, ಕೆಲವದರಲ್ಲಿ ನಾಯಿಗೆ ವಿಷವಾದ ಜೈಲಿಟಾಲ್ ಸಿಹಿ ಇರುತ್ತದೆ. ವಿದೇಶದಲ್ಲಿರುವ ಕನ್ನಡಿಗರಿಗೆ ಅಲ್ಲಿ ತಿಂಗಳಿಗೊಂದು ಬೆಡಿನ್‌ವೆಟ್‌ಮ್ಯಾಬ್ ಇಂಜೆಕ್ಷನ್ ಸಿಗುತ್ತದೆ. ಅಮೆರಿಕದಲ್ಲಿ 2023ರಲ್ಲಿ ಒಪ್ಪಿಗೆ ಪಡೆಯಿತು, 2024ರ ಕೊನೆಯಲ್ಲಿ ಅದರ ಅಡ್ಡಪರಿಣಾಮಗಳ ಬಗ್ಗೆ ಅಲ್ಲಿನ ಔಷಧಿ ಇಲಾಖೆಯೇ ವೈದ್ಯರಿಗೆ ಪತ್ರ ಬರೆಯಿತು. ಹಾಕಿಸುವ ಮುಂಚೆ ಕೂತು ಮಾತಾಡಿ.

ಪುಡಿಗಳ ಮಾತು ಬೇಗ ಮುಗಿಯುತ್ತದೆ. ಗ್ಲುಕೊಸಮೈನ್ ಬಾಟಲಿ ದುಬಾರಿ, ಫಲ ಕಂಡದ್ದು ಕಡಿಮೆ. ಮೀನೆಣ್ಣೆಯ ಒಮೆಗಾ-3ಗೆ ಅದಕ್ಕಿಂತ ಒಳ್ಳೆಯ ಆಧಾರವಿದೆ. ಕಾಡ್ ಲಿವರ್ ಎಣ್ಣೆ ಬೇರೆ, ಅದು ಜಾಸ್ತಿಯಾದರೆ ವಿಟಮಿನ್ ಎ, ಡಿ ಮಿತಿ ಮೀರುತ್ತದೆ. ದುಡ್ಡು ಒಂದಕ್ಕೇ ಇದೆ ಅಂದರೆ ನಾನು ಮ್ಯಾಟ್ ಕೊಳ್ಳುತ್ತೇನೆ.

ಏಳನೇ ಹೆಜ್ಜೆ: ಆಪರೇಷನ್ ಬೇಕಾ?

ವಯಸ್ಸಿನ ಮೇಲೆ ದಾರಿ ಬೇರೆಯಾಗುತ್ತದೆ. 12ರಿಂದ 20 ವಾರದ ಮರಿಯಲ್ಲಿ ಕೀಲು ಸಡಿಲ ಅಂತ ಗೊತ್ತಾದರೆ, ಸೊಂಟದ ಮೂಳೆಯ ಒಂದು ಭಾಗದ ಬೆಳವಣಿಗೆ ನಿಲ್ಲಿಸಿ ಗುಳಿ ತಾನಾಗಿ ಗುಂಡಿನ ಮೇಲೆ ಬಾಗುವ ಹಾಗೆ ಮಾಡುವ ಚಿಕ್ಕ ಆಪರೇಷನ್ ಇದೆ. ಸುಮಾರು ಹತ್ತು ತಿಂಗಳೊಳಗೆ, ಆರ್ತ್ರೈಟಿಸ್ ಇನ್ನೂ ಶುರುವಾಗಿರದಿದ್ದರೆ, ಮೂಳೆ ಕತ್ತರಿಸಿ ಗುಳಿಯನ್ನು ತಿರುಗಿಸಿ ಕೂರಿಸಬಹುದು. ನಮ್ಮಲ್ಲಿ ಹೆಚ್ಚಿನವರು ವೈದ್ಯರ ಬಳಿ ಹೋಗುವ ಹೊತ್ತಿಗೆ ಇವೆರಡರ ಕಾಲವೂ ದಾಟಿರುತ್ತದೆ.

ಆಮೇಲೆ ಉಳಿಯುವುದು ಎರಡು. ಒಂದು, ಗುಂಡನ್ನೇ ಕತ್ತರಿಸಿ ತೆಗೆಯುವುದು. ಕೇಳಲು ಭಯಂಕರ, ಆದರೆ ಮೂಳೆಗೆ ಮೂಳೆ ಉಜ್ಜುವುದು ನಿಂತು, ಸುತ್ತಲಿನ ಮಾಂಸ ಮತ್ತು ನಾರು ಸೇರಿ ಹೊಸ ಹಿಡಿತ ಕಟ್ಟಿಕೊಳ್ಳುತ್ತದೆ. 20 ಕಿಲೋಗಿಂತ ಹಗುರವಾದ, ಮಾಂಸ ಗಟ್ಟಿಯಿರುವ ನಾಯಿಗಳಲ್ಲಿ ಫಲ ಚೆನ್ನಾಗಿರುತ್ತದೆ. ದಪ್ಪ ಲ್ಯಾಬ್‌ಗೆ ಅಷ್ಟು ಖಾತ್ರಿ ಇಲ್ಲ. ಇದಾದ ಮೇಲೆ ನಾಯಿಯನ್ನು ಮಲಗಿಸಿಡಬಾರದು, ವೈದ್ಯರು ಹೇಳಿದ ದಿನದಿಂದಲೇ ಕಾಲು ಊರಿಸಿ ನಡೆಸಬೇಕು. ಎರಡನೆಯದು ಕೀಲು ಪೂರ್ತಿ ಬದಲಿಸುವುದು. ಒಳ್ಳೆಯ ಫಲ, ದೊಡ್ಡ ಖರ್ಚು. ಅದನ್ನು ಮಾಡುವ ಕೈಗಳು ಕೆಲವೇ. ವೈದ್ಯರಿಗೆ ಎರಡು ಪ್ರಶ್ನೆ ಕೇಳಿ: ಇಂಥದ್ದನ್ನು ನೀವು ಎಷ್ಟು ಮಾಡಿದ್ದೀರಿ? ಆಮೇಲಿನ ಎರಡು ಮೂರು ತಿಂಗಳು ಮನೆಯಲ್ಲಿ ನಾನೇನು ಮಾಡಬೇಕು? ಎರಡನೆಯದಕ್ಕೆ ನಿಮ್ಮ ಹತ್ತಿರ ಸಮಯ ಇಲ್ಲದಿದ್ದರೆ ಆಪರೇಷನ್ ಮುಂದೂಡುವುದೇ ವಾಸಿ. ಚಿನ್ನುಗೆ ನಾವು ಮಾಡಿಸಲಿಲ್ಲ. ತೂಕ ಇಳಿದ ಮೇಲೆ ಬೇಕಾಗಲಿಲ್ಲ.

ಹೊಸ ಮರಿ ತರುವವರಿಗೆ

ಮರಿಯ ಅಪ್ಪ ಅಮ್ಮ ಇಬ್ಬರ ಸೊಂಟದ ಎಕ್ಸ್‌ರೇ ಕೇಳಿ. ಅಮೆರಿಕದಲ್ಲಿ 1966ರಿಂದಲೇ ಇದಕ್ಕೊಂದು ಸಂಸ್ಥೆ ಇದೆ, ಎರಡು ವರ್ಷ ತುಂಬಿದ ನಾಯಿಯ ಸೊಂಟಕ್ಕೆ ದರ್ಜೆ ಕೊಡುತ್ತದೆ. ನಮ್ಮಲ್ಲಿ ಕೇಳಿದರೆ ಮಾರುವವರು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ. ಕನಿಷ್ಠ ತಾಯಿ ಎದ್ದು ನಡೆಯುವುದನ್ನಾದರೂ ನೋಡಿ. ತೋರಿಸುವುದಿಲ್ಲ ಅಂದರೆ ಮುಂದಿನ ಮನೆ.

ನಮಗೆ ಮರಿ ಕೊಟ್ಟವರು ಜೊತೆಗೊಂದು ಕ್ಯಾಲ್ಸಿಯಂ ಸಿರಪ್ ಕೊಟ್ಟು 'ಮೂಳೆ ಗಟ್ಟಿಯಾಗತ್ತೆ' ಅಂದಿದ್ದರು. ದೊಡ್ಡ ತಳಿಯ ಮರಿಗಳಿಗೆಂದೇ ಮಾಡಿದ ಆಹಾರ ತಿನ್ನುತ್ತಿದ್ದರೆ ಮೇಲಿಂದ ಕ್ಯಾಲ್ಸಿಯಂ ಹಾಕುವುದು ಮೂಳೆಯ ಬೆಳವಣಿಗೆ ಕೆಡಿಸುತ್ತದೆ. ಗುಂಡುಗುಂಡಾಗಿ ಬೆಳೆಸಲೂ ಬೇಡಿ, ನಿಧಾನವಾಗಿ ಬೆಳೆಯಲಿ. ನಾರ್ವೆಯಲ್ಲಿ 2012ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಮೂರು ತಿಂಗಳೊಳಗೆ ಮೆಟ್ಟಿಲು ಹತ್ತಿ ಇಳಿದ ಮರಿಗಳಲ್ಲಿ ಈ ತೊಂದರೆ ಜಾಸ್ತಿ ಕಂಡಿತು, ಮೆತ್ತನೆ ನೆಲದಲ್ಲಿ ಬಿಟ್ಟು ಆಡಿಸಿದವುಗಳಲ್ಲಿ ಕಡಿಮೆ. ಮರಿಯನ್ನು ಎತ್ತಿಕೊಂಡು ಮೆಟ್ಟಿಲು ಇಳಿಸಿ, ಮಣ್ಣಿನಲ್ಲಿ ಬಿಡಿ. ಸಂತಾನಹರಣದ ಆಪರೇಷನ್ ಲ್ಯಾಬ್, ಗೋಲ್ಡನ್, ಶೆಫರ್ಡ್‌ಗಳಲ್ಲಿ ಒಂದು ವರ್ಷದೊಳಗೆ ಮಾಡಿಸಿದರೆ ಕೀಲಿನ ತೊಂದರೆ ಹೆಚ್ಚಾಗುವುದು ಕಂಡುಬಂದಿದೆ. ಯಾವಾಗ ಅಂತ ವೈದ್ಯರ ಜೊತೆ ಮಾತಾಡಿ ತೀರ್ಮಾನಿಸಿ. ಮರಿ ನಾಲ್ಕು ತಿಂಗಳಾದಾಗ ಲಸಿಕೆಗೆ ಹೇಗೂ ಹೋಗುತ್ತೀರಿ, ಆಗಲೇ 'ಸೊಂಟ ಒಮ್ಮೆ ಮುಟ್ಟಿ ನೋಡಿ' ಅಂತ ಕೇಳಿಬಿಡಿ.